ಮಿಂಚುಹುಳದ ಜೀನ್‌ಗೆ ತಂಬಾಕಿನ ಗಿಡದಲ್ಲೇನು ಕೆಲಸ?

ಪ್ರಶ್ನೆ: ಮಗಳು ಬಯೋಟೆಕ್ನಾಲಜಿ ಓದುತ್ತಿದ್ದಾಳೆ. ಮಿಂಚುಹುಳದ ಜೀನ್ ಸೇರಿಸಿ ತಂಬಾಕಿನ ಗಿಡ ಬೆಳಗುವ ಹಾಗೆ ಮಾಡಿದ್ದಾರಂತೆ. ಅದನ್ನು ರಿಪೋರ್ಟರ್ ಜೀನ್ ಅಂತಾರಂತೆ. ಗಿಡ ಬೆಳಗಿದರೆ ಯಾರಿಗೇನು ಲಾಭ?

ಉತ್ತರ: ಮಗಳು ಹೇಳಿದ್ದು ನಿಜ. ಅದು 1986ರ ಪ್ರಯೋಗ. ಗಿಡಕ್ಕೆ ಲೂಸಿಫೆರಿನ್ ಎಂಬ ರಾಸಾಯನಿಕ ಉಣಿಸಿದಾಗ ಅದು ಮಂದವಾಗಿ ಬೆಳಗಿತು. ಆ ಬೆಳಕಿನಲ್ಲಿ ಓದಿಕೊಳ್ಳುವುದಕ್ಕಂತೂ ಆಗದು!

ನಿಮ್ಮ ಮನೆಯ ನೀರಿನ ಮೋಟರ್ ನೆನಪಿಸಿಕೊಳ್ಳಿ. ಸ್ವಿಚ್ ಪಕ್ಕ ಒಂದು ಪುಟ್ಟ ಕೆಂಪು ದೀಪ ಇರುತ್ತದೆ, ಅಲ್ವಾ? ಮೋಟರ್ ಹಿತ್ತಲಲ್ಲಿದ್ದರೂ ಆನ್ ಆಗಿರುವುದು ಒಳಗೇ ಗೊತ್ತಾಗುತ್ತದೆ. ಜೀನ್‌ಗೂ ಒಂದು ಸ್ವಿಚ್ ಇದೆ, ಹೆಸರು ಪ್ರಮೋಟರ್. ಕೆಲವು ಬೇರಿನಲ್ಲಷ್ಟೇ ಆನ್ ಆಗುತ್ತವೆ, ಕೆಲವು ನೀರು ಕಮ್ಮಿಯಾದಾಗ. ಕಣ್ಣಿಗೆ ಮಾತ್ರ ಏನೂ ಕಾಣದು. ಅದಕ್ಕೇ ಆ ಸ್ವಿಚ್‌ನ ಒಂದು ನಕಲಿಗೆ ಬೆಳಕು ಅಥವಾ ಬಣ್ಣ ಕೊಡುವ ಜೀನ್ ಜೋಡಿಸಿ ಗಿಡಕ್ಕೆ ಸೇರಿಸುತ್ತಾರೆ. ಅದೇ ರಿಪೋರ್ಟರ್.

ಗಿಡಗಳ ಮೇಲೆ ಸಂಶೋಧನೆ ಮಾಡುವವರಿಗೆ ಜಾಸ್ತಿ ರೂಢಿ ಇರುವುದು ಗಸ್ ಎಂಬ ಜೀನ್. 1987ರಿಂದ ಬಳಕೆಯಲ್ಲಿದೆ, ಮೂಲ ಇ. ಕೋಲೈ ಬ್ಯಾಕ್ಟೀರಿಯಾ. ಎಳೆ ಸಸಿಯನ್ನು, ಗಸ್ ಕೆಲಸ ಮಾಡಿದಲ್ಲಿ ನೀಲಿ ಬಣ್ಣ ಕೊಡುವ ಎಕ್ಸ್-ಗ್ಲೂಕ್ ಎಂಬ ರಾಸಾಯನಿಕದ ದ್ರಾವಣದಲ್ಲಿ ಮುಳುಗಿಸಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡುತ್ತಾರೆ. ಬೆಳಿಗ್ಗೆ ಆಲ್ಕೋಹಾಲ್‌ನಲ್ಲಿ ತೊಳೆದರೆ ಎಲೆಯ ಹಸಿರೆಲ್ಲ ಇಳಿದು ಸಸಿ ಬೆಳ್ಳಗಾಗುತ್ತದೆ. ಸ್ವಿಚ್ ಆನ್ ಇದ್ದ ಕಡೆ, ಬೇರಿನ ತುದಿಯಲ್ಲೋ ಎಲೆಯ ನರದಲ್ಲೋ, ಇಂಕು ಚೆಲ್ಲಿದ ಹಾಗೆ ನೀಲಿ ಉಳಿದಿರುತ್ತದೆ. ಮೊದಲ ಸಲ ನೋಡಿದವರು ಮರೆಯುವುದಿಲ್ಲ. ಪಾಪ, ಸಸಿ ಮಾತ್ರ ಉಳಿಯುವುದಿಲ್ಲ.

ಸಾಯಿಸದೆ ನೋಡಬೇಕಾದರೆ ಜಿಎಫ್‌ಪಿ ಎಂಬ ಹೊಳೆಯುವ ಪ್ರೋಟೀನ್ ಇದೆ. ಇದು ಜೆಲ್ಲಿ ಮೀನಿನದು, ನೀಲಿ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ. ಇದರ ಹಿಂದಿನ ಕೆಲಸಕ್ಕೆ ಶಿಮೊಮುರಾ, ಚಾಲ್ಫಿ, ಚಿಯೆನ್ ಮೂವರಿಗೂ 2008ರಲ್ಲಿ ನೊಬೆಲ್ ಬಂತು. ತೊಂದರೆ ಏನಂದರೆ, ಜಿಎಫ್‌ಪಿ ಬೇಗ ಕರಗುವುದಿಲ್ಲ. ಸ್ವಿಚ್ ಆಫ್ ಆಗಿ ಎಷ್ಟೋ ಹೊತ್ತಾದರೂ ಹೊಳೆಯುತ್ತಲೇ ಇರುತ್ತದೆ. ಮಿಂಚುಹುಳದ ಬೆಳಕು ಬೇಗ ಇಳಿಯುತ್ತದೆ. ಹಗಲು-ರಾತ್ರಿಯ ಲಯಕ್ಕೆ ಆನ್-ಆಫ್ ಆಗುವ ಜೀನ್‌ಗಳನ್ನು ಗಮನಿಸುವವರು ಅದನ್ನೇ ಹಿಡಿದಿರುವುದು ಇದಕ್ಕೇ.

ಮಗಳಿಗೆ ಒಂದು ಮಾತು ಹೇಳಿ. ಕೆಂಪು ದೀಪ ಉರಿದ ಮಾತ್ರಕ್ಕೆ ಟ್ಯಾಂಕಿಗೆ ನೀರು ಏರುತ್ತಿದೆ ಅಂತಲ್ಲ. ರಿಪೋರ್ಟರ್ ಹೇಳುವುದು ಸ್ವಿಚ್‌ನ ಸುದ್ದಿ ಅಷ್ಟೇ. ಅಸಲಿ ಜೀನ್‌ನ ಪ್ರೋಟೀನ್ ಎಷ್ಟು ತಯಾರಾಯಿತು ಅನ್ನುವುದನ್ನು ಬೇರೆಯೇ ಅಳೆಯಬೇಕು.