ಬಿಸಿನೀರ ಕುಂಡಕ್ಕೆ ಅವ್ವನನ್ನು ಕರೆದೊಯ್ಯಲೇ?

ಪ್ರಶ್ನೆ: ಅವ್ವನಿಗೆ 68 ವರ್ಷ, ಮಂಡಿನೋವು, ಸಕ್ಕರೆ ಕಾಯಿಲೆಯೂ ಇದೆ. ಮಹಾರಾಷ್ಟ್ರದ ಗಣೇಶಪುರಿಯ ಬಿಸಿನೀರ ಕುಂಡದಲ್ಲಿ ಮಿಂದರೆ ವಾಸಿಯಾಗುತ್ತದಂತೆ, ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ವಾಸಿಯಾಗದು, ಹಗುರವೆನಿಸಬಹುದು. ಬಿಸಿಗೆ ಸ್ನಾಯು ಸಡಿಲವಾಗುತ್ತದೆ, ಮೈಭಾರವನ್ನು ನೀರು ಹೊರುತ್ತದೆ. ಆದರೆ ಮಂಡಿಯಲ್ಲಿ ಸವೆದ ಕಾರ್ಟಿಲೇಜ್ (ಮೂಳೆ ತುದಿಯ ಮೆತ್ತನೆಯ ಹೊದಿಕೆ) ಮತ್ತೆ ಬೆಳೆಯುವುದಿಲ್ಲ. ಅಪಾಯವಿರುವುದು ಪಾದಕ್ಕೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕುಂದಿದ್ದರೆ ಸುಡುವುದೇ ತಿಳಿಯದು, ಸಂಜೆಗೆ ಬೊಬ್ಬೆ ಎದ್ದಿರುತ್ತದೆ. ಕುಂಡದಿಂದ ಕುಂಡಕ್ಕೆ ಬಿಸಿ ಬೇರೆ. ಥರ್ಮಾಮೀಟರ್ ಅದ್ದಿ ನೋಡಿ, 38 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಬೇಡ. 10 ನಿಮಿಷ ಸಾಕು. ಕಾಲಲ್ಲಿ ಗಾಯವಿದ್ದರೆ ಇಳಿಸಲೇಬೇಡಿ. ಏಳುವಾಗ ಕೈಹಿಡಿಯಿರಿ, ರಕ್ತನಾಳ ಹಿಗ್ಗಿ ಬಿಪಿ ಇಳಿದಿರುತ್ತದೆ. ಭಕ್ತಿಯಿಂದ ಮೂರು ಮುಳುಗು ಹಾಕಿಸುವವರಿದ್ದಾರೆ, ತಲೆ ಮುಳುಗಿಸಬೇಡಿ. ಮೂಗಿನಿಂದ ಮಿದುಳಿಗೇರುವ ಅಮೀಬಾ ಬಿಸಿನೀರಲ್ಲೇ ಬೆಳೆಯುವುದು, ಅಪರೂಪ, ಆದರೆ ಮಾರಕ. ಬೆಳ್ಳಿ ಕಾಲುಂಗುರ ಬಿಚ್ಚಿಡಿ, ಗಂಧಕದ ನೀರಿಗೆ ಕಪ್ಪಾಗುತ್ತದೆ.