ಕಾನ್ಫಿಗ್ ಫೈಲ್ ಸಿಗದಿದ್ದರೆ ಪ್ರೋಗ್ರಾಂ ಶುರುವಿನಲ್ಲೇ ನಿಲ್ಲಬೇಕು

ಪ್ರಶ್ನೆ: ಪೈಥಾನ್‌ನಲ್ಲಿ ಬರೆದ ನಮ್ಮ ಬಿಲ್ಲಿಂಗ್ ತಂತ್ರಾಂಶ ಟರ್ಮಿನಲ್‌ನಿಂದ ಚಾಲೂ ಮಾಡಿದರೆ ಸರಿಯಾಗಿ ನಡೆಯುತ್ತದೆ. ಅದನ್ನೇ ಲಿನಕ್ಸ್ ಸರ್ವರ್‌ನಲ್ಲಿ ಸಿಸ್ಟಮ್‌ಡಿ (ಹಿನ್ನೆಲೆ ಪ್ರೋಗ್ರಾಂಗಳನ್ನು ಚಾಲೂ ಮಾಡಿ ನೋಡಿಕೊಳ್ಳುವ ವ್ಯವಸ್ಥೆ) ಸರ್ವಿಸ್ ಆಗಿ ಓಡಿಸಿದರೆ, ಶುರುವೇನೋ ಆಗುತ್ತದೆ. ಮೊದಲ ಬಿಲ್ ಉಳಿಸುವಾಗ ‘ಡೇಟಾಬೇಸ್ ಎಂಬ ಸೆಕ್ಷನ್ ಇಲ್ಲ’ ಎಂಬ ಎರರ್ ಬರುತ್ತದೆ. ಸೆಟ್ಟಿಂಗ್ಸ್ ಫೈಲ್‌ನಲ್ಲಿ ಆ ಸೆಕ್ಷನ್ ಇದ್ದೇ ಇದೆ. ಏನು ಕಾರಣ?

ಉತ್ತರ: ನೀವು ವಿವರಿಸಿರುವ ಲಕ್ಷಣಗಳನ್ನು ನೋಡಿದರೆ, ಪ್ರೋಗ್ರಾಂ ಆ ಫೈಲನ್ನು ಓದಿಯೇ ಇಲ್ಲ. ಫೈಲಿನ ಬರಿಯ ಹೆಸರನ್ನಷ್ಟೇ ಕೊಟ್ಟಿದ್ದರೆ ಹುಡುಕಾಟ ನಡೆಯುವುದು ಚಾಲ್ತಿ ಡೈರೆಕ್ಟರಿಯಲ್ಲಿ. ಟರ್ಮಿನಲ್‌ನಲ್ಲಿ ಅದು ನೀವು ನಿಂತಿರುವ ಫೋಲ್ಡರ್, ಸಿಸ್ಟಮ್‌ಡಿಯ ಸಿಸ್ಟಮ್ ಸರ್ವಿಸ್‌ಗೆ ಬೇರೇನೂ ಹೇಳದಿದ್ದರೆ ರೂಟ್ ಡೈರೆಕ್ಟರಿ. ಆದ್ದರಿಂದ ಪೂರ್ಣ ಪಾತ್ ಕೊಡಿ, ಇಲ್ಲವೇ ಸರ್ವಿಸ್‌ನ ವಿವರ ಬರೆಯುವ ಯೂನಿಟ್ ಫೈಲ್‌ನಲ್ಲಿ ವರ್ಕಿಂಗ್ ಡೈರೆಕ್ಟರಿ ನಮೂದಿಸಿ.

ಇದಕ್ಕಿಂತ ಗಂಭೀರವಾದುದು ಎರರ್ ತಡವಾಗಿ ಬಂದದ್ದು. ಸೆಟ್ಟಿಂಗ್ಸ್ ಫೈಲ್ ಓದುವ ಪೈಥಾನ್ ಮಾಡ್ಯೂಲ್ ಆದ ಕಾನ್ಫಿಗ್‌ಪಾರ್ಸರ್‌ನ ‘ರೀಡ್’ ವಿಧಾನವು ತೆರೆಯಲಾಗದ ಫೈಲನ್ನು, ಅದು ಇಲ್ಲದಿರಲಿ ಅಥವಾ ಓದುವ ಅನುಮತಿಯೇ ಇಲ್ಲದಿರಲಿ, ಸದ್ದಿಲ್ಲದೆ ಬಿಟ್ಟು ಮುಂದೆ ಸಾಗುತ್ತದೆ. ಓದಲು ಸಾಧ್ಯವಾದ ಫೈಲ್‌ಗಳ ಪಟ್ಟಿಯನ್ನಷ್ಟೇ ಹಿಂತಿರುಗಿಸುತ್ತದೆ, ಆ ಪಟ್ಟಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ಹಲವು ಕಡೆಯ ಐಚ್ಛಿಕ ಫೈಲ್‌ಗಳನ್ನು ಒಟ್ಟಿಗೆ ಓದಲು ಈ ವರ್ತನೆ ಅನುಕೂಲವೇ ಸರಿ, ಆದರೆ ಡೇಟಾಬೇಸ್ ವಿವರವಿರುವ ಫೈಲಿಗೆ ಇದು ಸಲ್ಲದು. ಅಂಥ ಫೈಲನ್ನು ನೀವೇ ‘ಓಪನ್’ ಮಾಡಿ ‘ರೀಡ್_ಫೈಲ್’‌ಗೆ ಕೊಡಿ. ಆಗ ಫೈಲ್ ಇಲ್ಲದಿದ್ದರೆ ‘ಫೈಲ್‌ನಾಟ್‌ಫೌಂಡ್‌ಎರರ್’, ಅನುಮತಿ ಇಲ್ಲದಿದ್ದರೆ ‘ಪರ್ಮಿಶನ್‌ಎರರ್’ ತಕ್ಷಣವೇ ಬರುತ್ತದೆ. ಫೈಲ್ ಇದೆಯೇ ಎಂದು ಮೊದಲೇ ‘ಓಎಸ್.ಪಾತ್.ಎಕ್ಸಿಸ್ಟ್ಸ್’ನಿಂದ ಪರೀಕ್ಷಿಸುವುದನ್ನು ನಾನು ಒಪ್ಪುವುದಿಲ್ಲ; ಫೋಲ್ಡರ್ ಪ್ರವೇಶಕ್ಕೆ ಅನುಮತಿ ಇಲ್ಲದಿದ್ದರೂ ಅದು ಫೈಲ್ ಇಲ್ಲವೆಂದೇ ಹೇಳಿ ದಾರಿ ತಪ್ಪಿಸುತ್ತದೆ.

ಎರರ್ ಹಿಡಿದಾಗ, ಹುಡುಕಿದ ಪೂರ್ಣ ಪಾತನ್ನು ಸಂದೇಶದಲ್ಲಿ ಬರೆದು, 78ನೇ ಎಕ್ಸಿಟ್ ಕೋಡ್‌ನೊಂದಿಗೆ (ಮುಗಿಯುವಾಗ ಪ್ರೋಗ್ರಾಂ ಹಿಂತಿರುಗಿಸುವ ಸಂಖ್ಯೆ) ಪ್ರೋಗ್ರಾಂ ನಿಲ್ಲಿಸಿ. ಯುನಿಕ್ಸ್ ರೂಢಿಯಲ್ಲಿ ಅದು ಕಾನ್ಫಿಗರೇಶನ್ ದೋಷದ ಸಂಕೇತ. ಯೂನಿಟ್ ಫೈಲ್‌ನ ‘ರೀಸ್ಟಾರ್ಟ್‌ಪ್ರಿವೆಂಟ್‌ಎಕ್ಸಿಟ್‌ಸ್ಟೇಟಸ್’ನಲ್ಲಿ 78 ಎಂದು ಬರೆದರೆ, ಸಿಸ್ಟಮ್‌ಡಿ ಮತ್ತೆ ಮತ್ತೆ ವ್ಯರ್ಥವಾಗಿ ಚಾಲೂ ಮಾಡುವುದೂ ತಪ್ಪುತ್ತದೆ.

ಕೊನೆಗೆ ಫೈಲಿನ ಹೆಸರನ್ನು ತಾತ್ಕಾಲಿಕವಾಗಿ ಬದಲಿಸಿ ಸರ್ವಿಸ್ ಚಾಲೂ ಮಾಡಿ ನೋಡಿ. ‘ಸ್ಟಾರ್ಟ್’ ಆಜ್ಞೆ ಸುಮ್ಮನೆ ಮುಗಿದರೆ ನಂಬಬೇಡಿ, ಸಾಮಾನ್ಯ ಬಗೆಯ ಸರ್ವಿಸ್‌ಗಳಲ್ಲಿ ಪ್ರಕ್ರಿಯೆ ಹುಟ್ಟಿದೊಡನೆಯೇ ಅದು ಮುಗಿಯುತ್ತದೆ. ‘ಸ್ಟೇಟಸ್’ನಲ್ಲಿ 78 ಮತ್ತು ನಿಮ್ಮ ಪಾತ್ ಎರಡೂ ಕಾಣಬೇಕು.