ಓದುಗರ ಪ್ರಶ್ನೆ: ‘ಕೋಮಲ್ ಗಾಂಧಾರ್’ನಲ್ಲಿ ಪ್ರೀತಿ ಎಲ್ಲಿದೆ?

ಪ್ರಶ್ನೆ: ಋತ್ವಿಕ್ ಘಟಕ್ ಅವರ ‘ಕೋಮಲ್ ಗಾಂಧಾರ್’ (1961) ಒಳ್ಳೆಯ ಪ್ರೇಮಕಥೆ ಅಂತ ಯಾರೋ ಹೇಳಿದ್ದಕ್ಕೆ ನೋಡಿದೆ. ಬರೀ ನಾಟಕ ತಂಡಗಳ ಜಗಳ, ದೇಶ ವಿಭಜನೆಯ ಮಾತು, ನಡುನಡುವೆ ಹಾಡು. ಭೃಗು ಮತ್ತು ಅನಸೂಯಾ ಪ್ರೀತಿಯ ಮಾತು ಆಡುವುದೇ ಕಡಿಮೆ. ಇದು ಪ್ರೇಮಕಥೆ ಹೇಗಾಯಿತು?
– ಶಿವಮೊಗ್ಗದ ಓದುಗರು

ಉತ್ತರ: ಲಾಲ್‌ಗೋಲಾದ ದೃಶ್ಯ ಇದೆಯಲ್ಲ, ಅದೊಂದನ್ನು ಇನ್ನೊಮ್ಮೆ ನೋಡಿ. ಪದ್ಮಾ ನದಿಯ ಈ ದಡದಲ್ಲಿ ಇಬ್ಬರೂ ನಿಂತಿದ್ದಾರೆ. ಆಚೆ ದಡ ಆಗ ಪೂರ್ವ ಪಾಕಿಸ್ತಾನ, ಇಬ್ಬರ ಊರೂ ಆ ಕಡೆಯದೇ. ಮನೆ ಅಷ್ಟು ಹತ್ತಿರ ಇದೆ, ಆದರೂ ಹೋಗೋಕಾಗಲ್ಲ, ಅದು ಬೇರೆ ದೇಶ ಅಂತಾನೆ ಭೃಗು. ಹಿಂದೆ ಈ ರೈಲು ಹಳಿ ಕೂಡಿಸುವ ಚಿಹ್ನೆ ಆಗಿತ್ತು, ಈಗ ಕಳೆಯುವ ಚಿಹ್ನೆ ಆಗಿದೆ ಅಂತಲೂ ಹೇಳುತ್ತಾನೆ. ಆಮೇಲೆ ಕ್ಯಾಮೆರಾ ಅದೇ ಹಳಿಯ ಮೇಲೆ ಜೋರಾಗಿ ಓಡುತ್ತೆ. ಹಿನ್ನೆಲೆಯಲ್ಲಿ ‘ದೋಹಾಯ್ ಅಲಿ’ ಅನ್ನೋ ಕೂಗು ಏರುತ್ತಾ ಹೋಗುತ್ತೆ. ಹಳಿ ಮುಗಿಯುವ ತಡೆಗಟ್ಟೆಗೆ ಬಂದು ಬಡಿದ ಹಾಗಾಗಿ ಪರದೆ ಪೂರ್ತಿ ಕಪ್ಪಾಗುತ್ತೆ.

ನನಗೆ ಇಡೀ ಸಿನಿಮಾದ ಪ್ರೇಮ ನಿವೇದನೆ ಅಂದ್ರೆ ಅದೇ. ಒಂದೇ ನಷ್ಟವನ್ನು ಅನುಭವಿಸಿದ ಇಬ್ಬರು ಅಲ್ಲಿ ಒಬ್ಬರಿಗೊಬ್ಬರು ಅರ್ಥ ಆಗುತ್ತಾರೆ. ‘ನಿನ್ನನ್ನು ಪ್ರೀತಿಸ್ತೀನಿ’ ಅನ್ನೋ ಮಾತು ಅಲ್ಲಿ ಬೇಕೇ ಇಲ್ಲ. 1947ರಲ್ಲಿ ಬಂಗಾಳ ಒಡೆದು ಹೋಯಿತು, ಇವರು ಕೂಡಬೇಕು. ಅದಕ್ಕೇ ಘಟಕ್ ಸಿನಿಮಾದ ಉದ್ದಕ್ಕೂ ಹಿನ್ನೆಲೆಯಲ್ಲಿ ಹಳ್ಳಿಯ ಮದುವೆ ಹಾಡು ಇಟ್ಟಿದ್ದಾರೆ. ಕಿವಿಗೊಟ್ಟು ಕೇಳಿ, ನಗುವಿನ ದೃಶ್ಯಗಳ ನಡುವೆಯೂ ಅದು ಬರುತ್ತಿರುತ್ತೆ.

ನಾಟಕ ತಂಡಗಳ ಜಗಳವೂ ಸುಮ್ನೆ ಬಂದಿದ್ದಲ್ಲ. 1943ರಲ್ಲಿ ಶುರುವಾದ ಎಡಪಂಥೀಯ ನಾಟಕ ಸಂಘಟನೆ ಇಪ್ಟಾದಲ್ಲಿ (ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್) ಘಟಕ್ ಸ್ವತಃ ಇದ್ದರು, ಅಲ್ಲಿನ ಒಡಕನ್ನು ಹತ್ತಿರದಿಂದ ಕಂಡವರು. ದೇಶ ಒಡೆಯಿತು, ಜನರಿಗಾಗಿ ನಾಟಕ ಆಡುತ್ತಿದ್ದವರೂ ಒಡೆದರು, ಅನಸೂಯಾಳ ಮನಸ್ಸೂ ಮದುವೆ ಗೊತ್ತಾಗಿ ವಿದೇಶದಲ್ಲಿ ಕಾಯುತ್ತಿರುವ ಸಮರ್‌ಗೂ ಇಲ್ಲಿರುವ ಭೃಗುವಿಗೂ ನಡುವೆ ಹಂಚಿಹೋಗಿದೆ. ಮೂರನ್ನೂ ಬೇರೆ ಬೇರೆ ಕಥೆ ಅಂತ ನೋಡಿದರೆ ಖಂಡಿತ ಗೊಂದಲ ಆಗುತ್ತೆ.

ಪ್ರಶ್ನೆ: ಅದರಲ್ಲಿ ‘ಶಾಕುಂತಲ’ ನಾಟಕವನ್ನು ಯಾಕೆ ತಂದರು? ನಿರಾಶ್ರಿತರ ಕಥೆಗೂ ಕಾಳಿದಾಸನಿಗೂ ಏನು ಸಂಬಂಧ?
– ಮೈಸೂರಿನ ಓದುಗರು

ಉತ್ತರ: ಶಕುಂತಲೆ ಆಶ್ರಮ ಬಿಟ್ಟು ಹೊರಟಾಗ ಜಿಂಕೆಮರಿ ಸೆರಗು ಹಿಡಿದು ಎಳೆಯುತ್ತೆ, ನಮಗೆಲ್ಲ ಗೊತ್ತಿರೋ ಸನ್ನಿವೇಶ. ಸಿನಿಮಾದಲ್ಲಿ ಕಲ್ಕತ್ತಾದ ಬೀದಿಯಲ್ಲಿ ಭಿಕ್ಷೆ ಬೇಡುವ ಒಬ್ಬ ಪುಟ್ಟ ಹುಡುಗ ಅನಸೂಯಾಳ ಸೀರೆ ಹಿಡಿದು ಎಳೆಯುತ್ತಾನೆ. ಎಲ್ಲವನ್ನೂ ಬಿಟ್ಟು ಸಮರ್ ಹತ್ತಿರ ಹೋಗಲೋ ಬೇಡವೋ ಅಂತ ತೊಳಲಾಡುತ್ತಿರುವವಳು ಅವಳು. ಒಮ್ಮೆ ನೆಲ ಬಿಟ್ಟು ಬಂದವಳು ಇನ್ನೊಮ್ಮೆ ಬಿಡಬೇಕಾ ಅನ್ನೋ ಪ್ರಶ್ನೆ ಅದು. ಸುಪ್ರಿಯಾ ಚೌಧುರಿ ಅವರ ಮುಖ ನೋಡಿದರೆ ಉಳಿದದ್ದು ಗೊತ್ತಾಗುತ್ತೆ.

ಪ್ರಶ್ನೆ: ಇಷ್ಟು ಒಳ್ಳೆಯ ಸಿನಿಮಾ ಆಗ ಓಡಿತಾ?
– ಧಾರವಾಡದ ಓದುಗರು

ಉತ್ತರ: ಇಲ್ಲ, ಸೋತಿತು. ಘಟಕ್ ಅವರಿಗೆ ಅದು ತುಂಬಾ ದೊಡ್ಡ ಪೆಟ್ಟು. ನನಗೆ ಇವತ್ತಿಗೂ ಬೇಜಾರು, ಯಾಕಂದ್ರೆ ಅವರ ವಿಭಜನೆಯ ಮೂರು ಸಿನಿಮಾಗಳಲ್ಲಿ ಕೊನೆಗೆ ಭರವಸೆ ಇರೋದು ಇದೊಂದರಲ್ಲೇ.

ಪ್ರಶ್ನೆ: ಘಟಕ್ ಅವರ ಸಿನಿಮಾ ಇದುವರೆಗೆ ನೋಡಿಲ್ಲ. ಇದರಿಂದಲೇ ಶುರು ಮಾಡಬಹುದಾ?
– ಬೆಂಗಳೂರಿನ ಓದುಗರು

ಉತ್ತರ: ಬೇಡ, ‘ಮೇಘೇ ಢಾಕಾ ತಾರಾ’ (1960) ಮೊದಲು ನೋಡಿ. ಅದರ ಕಥೆ ನೇರವಾಗಿದೆ, ಅಲ್ಲೂ ನಾಯಕಿ ಸುಪ್ರಿಯಾ ಅವರೇ. ಆಮೇಲೆ ಇದಕ್ಕೆ ಬನ್ನಿ. ಕರ್ಸಿಯಾಂಗ್ ಬೆಟ್ಟದಲ್ಲಿ ಬರುವ ‘ಆಕಾಶ್ ಭೊರಾ’ ಹಾಡನ್ನು ಮಾತ್ರ ದಯವಿಟ್ಟು ಮುಂದಕ್ಕೆ ಓಡಿಸಿ ಬಿಟ್ಟುಬಿಡಬೇಡಿ. ರವೀಂದ್ರರ ಹಾಡು, ದೇಬಬ್ರತ ಬಿಸ್ವಾಸ್ ಅವರ ದನಿ. ಫೋನ್‌ನಲ್ಲಿ ಬೇಡ, ಆದಷ್ಟು ದೊಡ್ಡ ಪರದೆಯಲ್ಲಿ ನೋಡಿ.